ವಿಶ್ವಾವಸು ಸಂವತ್ಸರದ ದ್ರಾಕ್ಷಿ

ಜೆ.ಪಿ. ನಗರ ಎರಡನೇ ಹಂತದ ಆ ಬೀದಿಯಲ್ಲಿ ಅನಂತಪದ್ಮನಾಭ ರಾಯರ ಬಗ್ಗೆ ಒಂದು ಒಮ್ಮತದ ಅಭಿಪ್ರಾಯವಿತ್ತು. ಅವರು ಜೀವಮಾನವಿಡೀ ಸರ್ಕಾರದ ಸಂಬಳ ತೆಗೆದುಕೊಂಡು ಮಳೆಯ ಬಗ್ಗೆ ಸುಳ್ಳು ಹೇಳಿದವರು ಎಂಬುದೇ ಆ ಅಭಿಪ್ರಾಯ. ರಾಯರು ಕೃಷಿ ಹವಾಮಾನದ ಕೆಲಸದಲ್ಲಿದ್ದವರು. ರೈತರಿಗಾಗಿ ಮುನ್ಸೂಚನೆ ಬರೆಯುತ್ತಿದ್ದರು. ‘ಕೆಲವೆಡೆ ಹಗುರ ಮಳೆ, ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ’ ಎಂದು ಬರೆದರೆ ಆಕಾಶ ಕನ್ನಡಿಯ ಹಾಗೆ ತಿಳಿಯಾಗುತ್ತಿತ್ತು. ‘ಒಣಹವೆ ಮುಂದುವರಿಯಲಿದೆ’ ಎಂದರೆ ಸಂಜೆಯೊಳಗೆ ಚರಂಡಿ ಉಕ್ಕುತ್ತಿತ್ತು. ನಿವೃತ್ತರಾದ ಮೇಲೂ ಅಭ್ಯಾಸ ಬಿಡಲಿಲ್ಲ. ಬೆಳಗ್ಗೆ ಗೇಟಿನ ಬಳಿ ನಿಂತು, ಮೋಡ ನೋಡಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಅವರು ‘ಇವತ್ತು ಮಳೆ’ ಎಂದ ದಿನವೇ ಹೆಂಡತಿ ಸರಸ್ವತಮ್ಮ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು. ಆ ಸಂಡಿಗೆ ಗರಿಗರಿಯಾಗಿ ಒಣಗುತ್ತಿತ್ತು.

ರಾಯರಿಗೆ ಇದರಿಂದ ಬೇಸರವಾಗುತ್ತಿತ್ತೇ ಹೊರತು ಅವಮಾನವಾಗುತ್ತಿರಲಿಲ್ಲ. ಮಳೆ ತಪ್ಪಿದರೆ ಅದು ಮಳೆಯ ತಪ್ಪು. ನನಗೆ ಕಂಡದ್ದನ್ನು ಕಂಡ ಹಾಗೇ ಹೇಳಿದ್ದೇನೆ, ಯಾರನ್ನೋ ಮೆಚ್ಚಿಸುವುದಕ್ಕೆ ಒಂದು ಹನಿಯನ್ನೂ ಹೆಚ್ಚು ಕಡಿಮೆ ಮಾಡಿಲ್ಲ ಎನ್ನುವುದು ಅವರ ಒಳಗಿನ ಹೆಮ್ಮೆ. ಒಮ್ಮೆ ಮಂತ್ರಿಯೊಬ್ಬರ ಬಿತ್ತನೆ ಕಾರ್ಯಕ್ರಮಕ್ಕೆ ‘ಉತ್ತಮ ಮಳೆ ನಿರೀಕ್ಷೆ’ ಎಂದು ಬರೆದುಕೊಡಿ ಎಂದು ಮೇಲಿನವರು ಒತ್ತಾಯ ಮಾಡಿದ್ದರು. ರಾಯರು ಸಾಧ್ಯವಿಲ್ಲ ಎಂದರು, ವರ್ಗಾವಣೆಯನ್ನೂ ಉಂಡರು. ಆ ದಿನ ಶಾಮಿಯಾನ ಕುಸಿದು ಬೀಳುವಷ್ಟು ಮಳೆ ಬಂತು ಎನ್ನುವುದು ಬೇರೆ ಮಾತು. ಸುಳ್ಳು ಹೇಳಲಿಲ್ಲವಲ್ಲ, ಅಷ್ಟು ಸಾಕಿತ್ತು ಅವರಿಗೆ.

ಇಡೀ ಬೀದಿಯಲ್ಲಿ ರಾಯರ ಮಾತನ್ನು ನಂಬುತ್ತಿದ್ದವರು ಒಬ್ಬರೇ, ಮೂರು ಮನೆ ಆಚೆಯ ಸೋಮನಾಥ್. ಕನಕಪುರ ರಸ್ತೆಯಲ್ಲಿ, ಕೋಣನಕುಂಟೆ ಕ್ರಾಸಿಗಿಂತ ಸ್ವಲ್ಪ ಈಚೆಗೆ, ಟೈಲ್ಸು, ನಲ್ಲಿ, ಸಿಂಕುಗಳ ಅಂಗಡಿ ಅವರದು. ರಾಯರು ಮಳೆ ಎಂದರೆ ಸುಡುಬಿಸಿಲಿನಲ್ಲೂ ರೇನ್‌ಕೋಟ್ ತೊಟ್ಟು ಸ್ಕೂಟರ್ ಹತ್ತುತ್ತಿದ್ದರು. ಸಂಜೆ ಬೆವರಿನಲ್ಲಿ ತೊಪ್ಪೆಯಾಗಿ ಬಂದರೂ ರಾಯರ ಮೇಲೆ ಸಿಟ್ಟಿಲ್ಲ.

“ನೀವು ಸರಿಯಾಗೇ ಹೇಳಿರ್ತೀರಿ ಸಾರ್. ನಾನು ರೇನ್‌ಕೋಟ್ ಹಾಕ್ಕೊಂಡ್ನಲ್ಲ, ಅದಕ್ಕೇ ಬರ್ಲಿಲ್ಲ. ನಾನು ಹುಟ್ಟಿದ ವರ್ಷವೇ ಅಂಥದ್ದು” ಎಂದು ನಗುತ್ತಿದ್ದರು.

ಅವರು ಹುಟ್ಟಿದ ವರ್ಷ ವಿಶ್ವಾವಸು ಸಂವತ್ಸರ, ಅಂದರೆ ಸಾವಿರದ ಒಂಬೈನೂರ ಅರವತ್ತೈದು. ದೇಶಕ್ಕೇ ಮಳೆ ಕೈಕೊಟ್ಟ ವರ್ಷ. ಸೋಮನಾಥರ ಬಾಳಿನಲ್ಲಿ ನಡೆದ ಎಲ್ಲದಕ್ಕೂ ಆ ವರ್ಷವೇ ಹೊಣೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು, ನಂಬಿದ ಪಾಲುದಾರ ಎದುರುಗಡೆಯೇ ಬೇರೆ ಅಂಗಡಿ ತೆರೆದದ್ದು, ಅಂಗಡಿಯ ಬಾಗಿಲಿಗೆ ಸರಿಯಾಗಿ ಮೆಟ್ರೋ ಕಂಬ ಎದ್ದದ್ದು, ಕಂಬ ಏಳುವವರೆಗೆ ವರ್ಷಗಟ್ಟಲೆ ರಸ್ತೆ ಅಗೆದು ಗಿರಾಕಿಗಳೆಲ್ಲ ಬನಶಂಕರಿ ಕಡೆ ತಿರುಗಿಕೊಂಡದ್ದು. ಪ್ರತಿಯೊಂದು ಕಥೆಯ ಕೊನೆಗೂ ಅದೇ ಮಾತು, ಅದೇ ನಗು. ಇಷ್ಟೆಲ್ಲ ಪೆಟ್ಟು ತಿಂದ ಮನುಷ್ಯ ಇಷ್ಟು ಹಸನ್ಮುಖಿಯಾಗಿರುವುದು ಹೇಗೆ ಎಂದು ರಾಯರು ಯೋಚಿಸಿ, ಆ ನಗುವಿನ ಹಿಂದೆ ದೊಡ್ಡದೊಂದು ನೋವಿದೆ ಎಂದು ತೀರ್ಮಾನಿಸಿದ್ದರು. ಓದಿಕೊಂಡವರಿಗೆ ಯಾರಾದರೂ ನಗುವುದು ಕಂಡರೆ ಅದರ ಹಿಂದೆ ಏನಾದರೂ ಇರಲೇಬೇಕು.

ಸೋಮನಾಥರ ಮಗಳು ಮೇಘಶ್ರೀ ಕೂಡ ಓದಿಕೊಂಡವಳೇ. ಬಿಟಿಎಂ ಲೇಔಟಿನಲ್ಲಿ ಹಲ್ಲಿನ ಡಾಕ್ಟರು. ಅವಳದೂ ಅದೇ ತೀರ್ಮಾನ. ಹಲ್ಲು ನೋವಿಲ್ಲ ಎನ್ನುವವರ ಬಾಯಲ್ಲೂ ಹುಳುಕು ಹುಡುಕುವುದು ಅವಳ ವೃತ್ತಿಯಾದ್ದರಿಂದ ತಪ್ಪೆನ್ನುವ ಹಾಗೂ ಇಲ್ಲ. ಈ ವರ್ಷ ವಿಶ್ವಾವಸು ತಿರುಗಿ ಬಂದಿತ್ತು. ಅರವತ್ತು ಸಂವತ್ಸರಗಳ ಸುತ್ತು ಮುಗಿದು ಅಪ್ಪನಿಗೆ ಅರವತ್ತರ ಶಾಂತಿ. ಏಪ್ರಿಲ್‌ನಲ್ಲಿ ಅವಳು ಯಾವುದೋ ಸಮ್ಮೇಳನಕ್ಕೆಂದು ಫ್ರಾನ್ಸಿನ ಬೋರ್ಡೋಗೆ ಹೋಗಿದ್ದಳು. ಅದು ಕೆಂಪು ವೈನಿಗೆ ಹೆಸರಾದ ಊರು. ಅಲ್ಲಿನ ಅಂಗಡಿಯೊಂದರಲ್ಲಿ ಸಾಲಾಗಿ ಮಲಗಿದ್ದ ಬಾಟಲಿಗಳ ಮೇಲೆ ಬರೀ ಇಸವಿಗಳನ್ನು ನೋಡುತ್ತ ಹೋದವಳಿಗೆ ಒಂದು ಮೂಲೆಯಲ್ಲಿ ಅರವತ್ತೈದು ಕಾಣಿಸಿತು. ಅದೇ ಸಂವತ್ಸರದಲ್ಲಿ ಬೆಳೆದ ದ್ರಾಕ್ಷಿ! ಅದೇ ಸಂವತ್ಸರ ತಿರುಗಿ ಬಂದಾಗ ತೆರೆಯುವುದು! ಹಳೆಯದಾದಷ್ಟೂ ವೈನು ಒಳ್ಳೆಯದಾಗುತ್ತದೆ ಎಂದು ಯಾರು ಕೇಳಿಲ್ಲ? ಅಪ್ಪನ ವರ್ಷದಲ್ಲೂ ಒಂದು ಒಳ್ಳೆಯ ವಸ್ತು ಹುಟ್ಟಿದೆ ಎಂದು ಅಪ್ಪನಿಗೆ ಕುಡಿಸಿಯೇ ತೋರಿಸಬೇಕು ಎಂದು ಅವಳಿಗೆ ಅಲ್ಲೇ ಕಣ್ಣು ತುಂಬಿ ಬಂದಿತ್ತು.

ಅಂಗಡಿಯ ಮುದುಕ ಎರಡು ಸಲ ಕೇಳಿದನಂತೆ, ಇದೇ ವರ್ಷದ್ದು ಬೇಕಾ ಎಂದು. ಹೌದು ಎಂದಾಗ, “ಈ ವರ್ಷದ್ದನ್ನು ಆ ವರ್ಷ ಹುಟ್ಟಿದವರ ಮನೆಯವರು ಮಾತ್ರ ಕೊಳ್ಳುತ್ತಾರೆ” ಎಂದು ಕಟ್ಟಿಕೊಟ್ಟನಂತೆ. ಬೆಲೆಯೂ ಅವಳು ಹೆದರಿದ್ದಷ್ಟಿರಲಿಲ್ಲ. ಎಷ್ಟು ಒಳ್ಳೆ ಸಂಪ್ರದಾಯ ಇವರದ್ದು ಅಂದುಕೊಂಡಳು ಮೇಘಶ್ರೀ.

ಬಾಟಲಿ ಬಂದು ಬಟ್ಟೆ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತು. ಆಗಸ್ಟ್ ಬಂತು. ಸಮಾರಂಭಕ್ಕೆ ಹತ್ತು ದಿನ ಇರುವಾಗ ಅವಳು ರಾಯರ ಮನೆಗೆ ಬಂದು, ಕಾಫಿ ಲೋಟ ಹಿಡಿದುಕೊಂಡು ವಿಷಯ ತೆಗೆದಳು.

“ಅಂಕಲ್, ಅಲ್ಲೆಲ್ಲ ಇಂಥ ವೈನ್ ತೆಗೆಯೋ ಮುಂಚೆ ಆ ವರ್ಷದ ಬಗ್ಗೆ ಹೇಳ್ತಾರೆ. ಮಳೆ ಹೇಗಿತ್ತು, ಬಿಸಿಲು ಹೇಗಿತ್ತು, ಹಣ್ಣು ಹೇಗಾಯ್ತು ಅಂತ. ಅಪ್ಪಂಗೆ ನೀವಂದ್ರೆ ಪ್ರಾಣ. ನೀವೇ ಹೇಳ್ಬೇಕು.”

“ಹೆಂಡ ಕುಡಿಯೋ ಮುಂಚೆ ಹವಾಮಾನ ವರದೀನಾ?” ಎಂದರು ಸರಸ್ವತಮ್ಮ ಒಳಗಿಂದ.

“ಸತ್ಯನಾರಾಯಣ ಪೂಜೇಲಿ ಕಥೆ ಕೇಳದೆ ಪ್ರಸಾದ ತಗೋಬಾರ್ದು ಅಂತೀರಲ್ಲ ಆಂಟಿ, ಹಾಗೇ.”

ರಾಯರು ಆಗಲೇ ಒಪ್ಪಿ ಆಗಿತ್ತು. ಮೂವತ್ತು ವರ್ಷದಲ್ಲಿ ಯಾರೂ ಅವರನ್ನು ಮಳೆಯ ಬಗ್ಗೆ ಮಾತಾಡಿ ಎಂದು ಮನೆಗೆ ಬಂದು ಕರೆದಿರಲಿಲ್ಲ. ಮೇಲಾಗಿ ಇದು ಮುಂದೆ ಬರುವ ಮಳೆಯಲ್ಲ, ಬಂದು ಹೋದ ಮಳೆ. ಅರವತ್ತು ವರ್ಷದ ಹಿಂದೆ ಬಿದ್ದು, ಅಳೆದು, ಬರೆದಿಟ್ಟ ಮಳೆ. ಜೀವಮಾನದಲ್ಲಿ ಮೊದಲ ಸಲ ನೂರಕ್ಕೆ ನೂರು ಸರಿಯಾಗಿ ಹೇಳಬಹುದಾದ ಹವಾಮಾನ! ಅವತ್ತು ಊಟವಾದ ಮೇಲೆ ಮಲಗುವ ಪದ್ಧತಿಯನ್ನೂ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತರು.

ದ್ರಾಕ್ಷಿಯ ವಿಷಯ ರಾಯರಿಗೆ ಹೊಸದು, ಆದರೆ ಬೆಳೆ ಎಂದರೆ ಬೆಳೆಯೇ. ಏಪ್ರಿಲ್‌ನಲ್ಲಿ ಚಿಗುರು, ಜೂನ್‌ನಲ್ಲಿ ಹೂ, ಆಗಸ್ಟ್‌ನಲ್ಲಿ ಹಸಿರು ಕಾಯಿ ಕಪ್ಪಿಗೆ ತಿರುಗುವುದು, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ಕೊಯ್ಲು. ಹೂ ಬಿಡುವಾಗ ಮಳೆ ಬಂದರೆ ಕಾಯಿ ಕಟ್ಟುವುದಿಲ್ಲ. ಬಣ್ಣ ತಿರುಗುವಾಗ ಬಿಸಿಲು ಬೇಕು. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕೊಳೆಯುತ್ತದೆ. ಇದೆಲ್ಲ ನಮ್ಮ ರಾಗಿಯ ಗೋಳೇ, ಬರೀ ಪೋಷಾಕು ಬೇರೆ ಎಂದುಕೊಂಡರು. ಹುಮ್ಮಸ್ಸು ಹತ್ತಿ ಈಚಿನ ಒಂದೊಂದೇ ವರ್ಷ ನೋಡುತ್ತ ಹೋದರೆ ಇನ್ನೊಂದು ತಮಾಷೆ ಕಂಡಿತು. ವಿರೋಧಿ ಸಂವತ್ಸರದಲ್ಲಿ ಅಲ್ಲಿ ಬಂಗಾರದಂಥ ಬೆಳೆ. ಅದರ ಮರುವರ್ಷ ವಿಕೃತಿ, ಆಗಲೂ ಬಂಗಾರ. ದುರ್ಮುಖಿಯಲ್ಲಂತೂ ಕೇಳುವುದೇ ಬೇಡ. ವಿಜಯ ಸಂವತ್ಸರದಲ್ಲಿ ಮಾತ್ರ ಶೀತ, ಆಲಿಕಲ್ಲು, ಕೊಳೆರೋಗ, ಎಲ್ಲ ಮಣ್ಣುಪಾಲು. ಸಂವತ್ಸರಗಳಿಗೆ ಹೆಸರಿಟ್ಟವರು ತಮ್ಮ ಇಲಾಖೆಯವರೇ ಇರಬೇಕು ಎಂದು ರಾಯರು ಒಬ್ಬರೇ ನಕ್ಕರು.

ಆಮೇಲೆ ಅರವತ್ತೈದನ್ನು ತೆರೆದರು. ನಗು ನಿಂತಿತು.

ವಸಂತದಲ್ಲಿ ಚಳಿ. ಹೂವಿನ ಹೊತ್ತಿಗೆ ಮಳೆ. ಜುಲೈ, ಆಗಸ್ಟ್ ಎರಡೂ ತಿಂಗಳು ಮೋಡ ಮುಚ್ಚಿಕೊಂಡು ಶೀತ. ಸೆಪ್ಟೆಂಬರ್ ಪೂರ್ತಿ ಜಡಿಮಳೆ. ಹಣ್ಣು ಒಂದು ಕಡೆ ಮಾಗಲಿಲ್ಲ, ಇನ್ನೊಂದು ಕಡೆ ಕೊಳೆಯಿತು. ಒಂದೇ ಗೊಂಚಲಿನಲ್ಲಿ ಎರಡೂ. ಶತಮಾನದ ಅತಿ ಕೆಟ್ಟ ಬೆಳೆಗಳ ಸಾಲಿನಲ್ಲಿ ಆ ವರ್ಷದ್ದನ್ನು ವೈನ್ ಬಲ್ಲವರೆಲ್ಲ ತಪ್ಪದೆ ಸೇರಿಸುತ್ತಿದ್ದರು. ಮೇಘಶ್ರೀ ಹೇಳಿದ್ದ ಅಂಗಡಿಯ ಮುದುಕನ ಮಾತಿನ ಅರ್ಥ ರಾಯರಿಗೆ ಆಗ ಹೊಳೆಯಿತು. ಹುಟ್ಟಿದವರ ಮನೆಯವರಲ್ಲದೆ ಬೇರೆ ಯಾರು ಆ ದರಿದ್ರವನ್ನು ಕೊಂಡಾರು? ಅಯ್ಯೋ ಸೋಮನಾಥ್, ನಿಮ್ಮ ವರ್ಷ ಇಲ್ಲಿ ಮಳೆಯಿಲ್ಲದೆ ಕೆಟ್ಟಿತು, ಅಲ್ಲಿ ಮಳೆ ಹೆಚ್ಚಾಗಿ ಕೆಟ್ಟಿತು ಎಂದು ಮರುಗಿದರು.

ಮರುದಿನ ಮೇಘಶ್ರೀಗೆ ಹೇಳಿಬಿಟ್ಟರು. ಅವಳ ಮುಖ ಸಣ್ಣದಾಯಿತು.

“ಅಪ್ಪಂಗೆ ಆಗ್ಲೇ ಹೇಳಾಗಿದೆ ಅಂಕಲ್. ದಿನಾ ಬೀರು ತೆಗೆದು ನೋಡ್ತಾರೆ. ಎಷ್ಟು ಆಸೆ ಇಟ್ಕೊಂಡಿದ್ದಾರೆ ಗೊತ್ತಾ? ನೀವು ಅಲ್ಲಿ ನಿಂತ್ಕೊಂಡು ಕೆಟ್ಟ ವರ್ಷ ಅಂತ ಹೇಳಿದ್ರೆ, ಅರವತ್ತನೇ ವರ್ಷಕ್ಕೆ ನಾನೇ ಕೈಯಾರೆ ಹೊಡೆದ ಹಾಗಾಗುತ್ತೆ. ಒಳ್ಳೇ ವರ್ಷ ಅಂತ ಹೇಳಿ ಅಂಕಲ್. ಯಾರು ಹೋಗಿ ನೋಡ್ತಾರೆ?”

“ಮಳೆ ಬಿದ್ದಿದೆಯಲ್ಲಮ್ಮ. ಬಿದ್ದಿದ್ದನ್ನ ಬಿದ್ದಿಲ್ಲ ಅಂತ ಹೇಗೆ ಹೇಳೋದು?”

ಅವಳು ಅಳುತ್ತ ಹೋದಳು. ರಾಯರು ಮೂರು ದಿನ ಗೇಟಿನ ಬಳಿ ನಿಲ್ಲಲಿಲ್ಲ. ನಾಲ್ಕನೆಯ ದಿನ ಸರಸ್ವತಮ್ಮನಿಗೆ ರೇಗಿತು.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀವು ಒಂದು ಸುಳ್ಳು ಹೇಳಿ ಒಂದು ಅರವತ್ತು ಮಾಡ್ಸೋಕೆ ಆಗಲ್ವಾ? ಬೇರೆಯವರ ಮನೇಲಿ ಊಟ ಮಾಡಿ ಹೋಳಿಗೆ ಗಟ್ಟಿ ಅಂತ ಹೇಳ್ತೀರಾ? ಅದೂ ಹೇಳ್ತೀರಿ, ಬಿಡಿ. ಅದಕ್ಕೇ ನಮ್ಮನ್ನ ಯಾರೂ ಕರೆಯಲ್ಲ.”

“ಇಷ್ಟು ವರ್ಷ ಹೇಳದ ಸುಳ್ಳನ್ನ ಈಗ ಹೇಳು ಅಂತೀಯಲ್ಲೇ.”

“ಇಷ್ಟು ವರ್ಷ ನೀವು ಹೇಳಿದ್ದು ನಿಜ ಅಂತ ಬೀದೀಲಿ ಒಬ್ಬರಿಗಾದ್ರೂ ಗೊತ್ತಿದೆಯಾ?”

ಅದನ್ನು ನಂಬುವವರು ಒಬ್ಬರಿದ್ದರು. ಇದ್ದ ಒಬ್ಬರ ಹೆಸರು ಸೋಮನಾಥ್. ಅವರಿಗೇ ಸುಳ್ಳು ಹೇಳಬೇಕಾಗಿತ್ತು.

ಶ್ರಾವಣದ ಭಾನುವಾರ. ಬೆಳಗ್ಗೆ ಅಯ್ನೋರು ಬಂದು ಪೂಜೆ ಮುಗಿಸಿದರು, ಮಧ್ಯಾಹ್ನ ಹೋಳಿಗೆ ಊಟವಾಯಿತು. ಹೋಳಿಗೆ ನಿಜಕ್ಕೂ ಗಟ್ಟಿಯಾಗಿತ್ತು, ರಾಯರು ಬಾಯಿ ಬಿಡಲಿಲ್ಲ. ಹಿರಿಯರೆಲ್ಲ ಎಲೆಯಡಿಕೆ ಹಾಕಿಕೊಂಡು ಹೊರಟ ಮೇಲೆ ಉಳಿದ ಹತ್ತು ಹನ್ನೆರಡು ಜನರನ್ನು ಮೇಘಶ್ರೀ ಮಹಡಿಯ ಕೋಣೆಗೆ ಹತ್ತಿಸಿದಳು. ಕೆಳಗಿನ ಹಾಲಿನಲ್ಲಿ ಬೇಡವೇ ಬೇಡ, ಅಲ್ಲಿ ಅತ್ತೆಯ ಫೋಟೋ ಇದೆ ಎಂದು ಸೋಮನಾಥರ ಹೆಂಡತಿ ಜಯಶೀಲಾ ಹಟ ಹಿಡಿದಿದ್ದರು. ಜಯಶೀಲಾರ ತಮ್ಮ ಕೊಟ್ರಪ್ಪ ಎಲ್ಲರಿಗಿಂತ ಮುಂಚೆ ಹೋಗಿ ಒಳ್ಳೆಯ ಕುರ್ಚಿ ಹಿಡಿದಿದ್ದರು. ಅರೆಕೆರೆಯಲ್ಲಿ ಅವರದೂ ಟೈಲ್ಸ್ ಅಂಗಡಿಯೇ, ಚೆನ್ನಾಗಿ ನಡೆಯುತ್ತಿತ್ತು.

“ಶ್ರಾವಣದಲ್ಲಿ ವೈನಾ ಭಾವ?” ಎಂದರು ಕೊಟ್ರಪ್ಪ.

“ಔಷಧಿ ಅಂದ್ಕೊಳ್ಳಿ ಮಾಮ” ಎಂದಳು ಮೇಘಶ್ರೀ.

ಸೋಮನಾಥ್ ಹೊಸ ರೇಷ್ಮೆ ಪಂಚೆಯಲ್ಲಿ, ಕೊರಳ ಹಾರವನ್ನೂ ತೆಗೆಯದೆ, ಬಾಟಲಿಯ ಎದುರು ಕೂತಿದ್ದರು. ಮೇಘಶ್ರೀ ರಾಯರ ಕಡೆ ನೋಡಿದಳು. ಅವಳ ಕಣ್ಣಿನಲ್ಲಿದ್ದ ಬೇಡಿಕೆಯನ್ನು ನೋಡಿ ರಾಯರು ಎದ್ದು ನಿಂತರು. ಸುಳ್ಳು ಹೇಳುವುದು ಹೇಗೆ ಎಂದೇ ಗೊತ್ತಿಲ್ಲದ ಮನುಷ್ಯ. ಹೊಸದಾಗಿ ಕಟ್ಟಲು ಬಾರದು. ಆದ್ದರಿಂದ ಕದ್ದರು. ದುರ್ಮುಖಿ ಸಂವತ್ಸರದ ಬೇಸಿಗೆಯನ್ನು ಇಡಿಯಾಗಿ ಎತ್ತಿಕೊಂಡು ಬಂದು ವಿಶ್ವಾವಸುವಿನ ಮೇಲೆ ಹೊದಿಸಿದರು.

“ಆ ವರ್ಷ ಮೊದಲು ಒಳ್ಳೆ ಮಳೆ ಬಂತು” ಎಂದು ಶುರುಮಾಡಿದರು. “ಭೂಮಿ ಹೊಟ್ಟೆ ತುಂಬ ಕುಡೀತು. ಎಲ್ರೂ ಭಯಪಟ್ರು, ಈ ಮಳೆ ನಿಲ್ಲುತ್ತೋ ಇಲ್ಲವೋ ಅಂತ. ಸರಿಯಾಗಿ ಹೂ ಬಿಡೋ ಹೊತ್ತಿಗೆ ಮೋಡ ಸರೀತು. ಆಮೇಲೆ ನೋಡಿ, ಎರಡು ತಿಂಗಳು ಬಿಸಿಲು. ಅಂತಿಂಥ ಬಿಸಿಲಲ್ಲ. ಎಲೆ ಬಾಡೋಕೆ ಶುರುವಾಯ್ತು. ಬೇರು ಕೆಳಗೆ ಕೆಳಗೆ ಇಳಿದು, ಮೊದಲು ಕುಡಿದಿಟ್ಟ ನೀರನ್ನ ಹುಡುಕ್ತು. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಸಾರವೆಲ್ಲ ಗಟ್ಟಿ. ಇನ್ನು ತಡೆಯಲ್ಲ, ಒಣಗೇ ಹೋಗುತ್ತೆ ಅನ್ನೋವಾಗ, ಸೆಪ್ಟೆಂಬರ್ ನಡುವೆ, ಒಂದೇ ಒಂದು ದಿನ ಮಳೆ. ಅಳೆದು ಹುಯ್ದ ಹಾಗೆ. ಅಷ್ಟೇ. ಮತ್ತೆ ಹಗಲು ಬಿಸಿಲು, ರಾತ್ರಿ ತಂಪು. ಹಣ್ಣು ಆತುರಪಡದೆ ಮಾಗ್ತು. ಕಷ್ಟಪಟ್ಟ ಬಳ್ಳಿಯ ಹಣ್ಣು ಅದು. ಅಂಥ ವರ್ಷ ಅಪರೂಪ.”

ಯಾವ ಊರಿನ ಮಳೆ ಎಂದು ರಾಯರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೊಟ್ರಪ್ಪನ ಕೈಯಲ್ಲಿದ್ದ ಫೋನು ತೊಡೆಯ ಮೇಲೆ ಇಳಿದಿತ್ತು. ಜಯಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂವತ್ತು ವರ್ಷ ರಾಯರು ನಿಜದ ಮಳೆಯ ಬಗ್ಗೆ ಬರೆದಾಗ ಆಕಳಿಸಿದ್ದ ಲೋಕ, ಕದ್ದ ಮಳೆಯ ಮೊದಲ ಹನಿಗೇ ಕಿವಿಯಾಗಿ ಕೂತಿತ್ತು. ರಾಯರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಒಂದು ತೂಕ ಹೆಚ್ಚಾಗಿ ಸಂತೋಷವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು; ಸೋಮನಾಥ್ ಮಾತ್ರ ತಟ್ಟದೆ ಬಾಟಲಿಯನ್ನೇ ನೋಡುತ್ತಿದ್ದರು.

ಬಿರಡೆ ತೆಗೆಯಲು ಹೋದರೆ ಪುಡಿಪುಡಿಯಾಗಿ ಅರ್ಧ ಒಳಗೇ ಬಿತ್ತು. ಜಯಶೀಲಾ ಅಡುಗೆಮನೆಗೆ ಓಡಿ ಟೀ ಸೋಸುವ ಜರಡಿ ತಂದರು. ಕೆಂಪು ವೈನೆಂದು ಎಲ್ಲರೂ ಕಾದಿದ್ದರೆ ಲೋಟಕ್ಕೆ ಬಂದದ್ದು ನಿನ್ನೆಯ ಹುಣಸೆಹಣ್ಣಿನ ನೀರಿನ ಬಣ್ಣದ್ದು. ರಾಯರು ಕುಡಿಯುವವರಲ್ಲ; ಕೈಗೆ ಬಂದ ಲೋಟವನ್ನು ಮೂಗಿಗೆ ಹಿಡಿದರು. ನೆನೆದ ಗೋಣಿಚೀಲದ ವಾಸನೆ. ಮಳೆಯ ವಾಸನೆ. ಸೆಪ್ಟೆಂಬರ್ ಪೂರ್ತಿ ಸುರಿದದ್ದು ಅಲ್ಲಿ ಹಾಗೇ ಇತ್ತು. ತಾವು ಮುಚ್ಚಿದ್ದನ್ನು ಬಾಟಲಿ ಒಂದಿಷ್ಟೂ ಮುಲಾಜಿಲ್ಲದೆ ಹೇಳುತ್ತಿತ್ತು.

ಜನ ಗುಟುಕರಿಸಿದರು. ಯಾರ ಮುಖವೂ ಮುಖದ ಜಾಗದಲ್ಲಿರಲಿಲ್ಲ.

“ಡಿಫರೆಂಟ್ ಆಗಿದೆ” ಎಂದರು ಒಬ್ಬರು.

“ಅಭ್ಯಾಸ ಬೇಕು ಇದಕ್ಕೆಲ್ಲ” ಎಂದರು ಇನ್ನೊಬ್ಬರು.

ಸೋಮನಾಥ್ ಒಂದು ಗುಟುಕು ಕುಡಿದರು, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು. ಮತ್ತೊಂದು ಕುಡಿದರು. ಆಮೇಲೆ ಲೋಟ ಕೆಳಗಿಟ್ಟು ನಗುನಗುತ್ತಲೇ ಹೇಳಿದರು, “ಇದು ಕೆಟ್ಟೋಗಿದೆ ಪುಟ್ಟಿ.”

ಎಲ್ಲರಿಗೂ ಉಸಿರು ಬಂತು. ನಕ್ಕರು. ಇನ್ನೇನು ಆ ಮಾತು ಬರುತ್ತದೆ, ನಾನು ಹುಟ್ಟಿದ ವರ್ಷವೇ ಅಂಥದ್ದು, ಎಂದು ರಾಯರು ಕಾದರು. ಸೋಮನಾಥ್ ಬಾಯಿ ತೆರೆದರು ಕೂಡ. ತೆರೆದ ಬಾಯಿ ಹಾಗೇ ನಿಂತಿತು. ರಾಯರ ಕಡೆ ತಿರುಗಿದರು.

“ಸಾರ್, ವರ್ಷ ಅಷ್ಟು ಚೆನ್ನಾಗಿತ್ತಾ?”

ಮೇಘಶ್ರೀ ರಾಯರನ್ನೇ ನೋಡುತ್ತಿದ್ದಳು.

“ಹೌದು” ಎಂದರು ರಾಯರು.

“ವರ್ಷದ್ದೇನು ತಪ್ಪು ಭಾವ?” ಕೊಟ್ರಪ್ಪ ಕುರ್ಚಿಯಲ್ಲಿ ಮುಂದೆ ಸರಿದರು. ಇಪ್ಪತ್ತೈದು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತಿಗೆ ಇಂಥ ಮುಹೂರ್ತ ಸಿಗುತ್ತದೆಂದು ಅವರೂ ಎಣಿಸಿರಲಿಲ್ಲ. “ಇಷ್ಟು ದಿನ ಆ ವರ್ಷಾನ ಬೈದಿದ್ದೇ ಬೈದಿದ್ದು. ಈಗ ನೋಡಿ, ಚಿನ್ನದಂಥ ವರ್ಷವಂತೆ. ಹುಟ್ಟಿದಾಗ ಎಲ್ಲ ಸರಿಯಾಗೇ ಇತ್ತು. ಆಮೇಲೆ ಇಟ್ಕೊಂಡೋರು ಹಾಳು ಮಾಡಿದ್ರು, ಅಷ್ಟೇ!”

ಕೋಣೆಯೆಲ್ಲ ಗೊಳ್ಳೆಂದಿತು. ಸೋಮನಾಥರೂ ನಕ್ಕರು, ಆದರೆ ಎಲ್ಲರೂ ನಗುವುದು ಮುಗಿಸಿದ ಮೇಲೆ. ಜಯಶೀಲಾ ಲೋಟಗಳನ್ನೆತ್ತಿಕೊಂಡು ಹೋಗಿ ಸಿಂಕಿಗೆ ಸುರಿದರು. ಕಾಫಿ ಬಂತು.

ಸೋಮವಾರ ಬೆಳಗ್ಗೆ ಪಾರ್ಕಿನಲ್ಲಿ ವಾಕಿಂಗ್‌ಗೆ ಸೋಮನಾಥ್ ಎಂದಿನ ಹಾಗೆ ಬಂದರು. ಎರಡು ಸುತ್ತು ಮಾತಿಲ್ಲ. ಮಾತಿಲ್ಲದ ಸೋಮನಾಥರನ್ನು ರಾಯರು ಅಲ್ಲಿಯವರೆಗೆ ನೋಡಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಅವರೇ ಶುರುಮಾಡಿದರು.

“ಆ ಮೆಟ್ರೋ ಕಂಬ ಇದೆಯಲ್ಲ ಸಾರ್. ಅದು ಅಲ್ಲೇ ಬರುತ್ತೆ ಅಂತ ರೋಡಿನವರಿಗೆಲ್ಲ ಗೊತ್ತಿತ್ತು. ಮ್ಯಾಪು ಅಂಟಿಸಿದ್ರು. ಕೊಟ್ರಪ್ಪನೂ ಬಂದು ಹೇಳಿದ್ದ, ಅರೆಕೆರೇಲಿ ಜಾಗ ಇದೆ ಬನ್ನಿ ಅಂತ. ನಾನೇ ಹೋಗ್ಲಿಲ್ಲ.”

“ಅದೆಲ್ಲ ಈಗ ಯಾಕೆ?”

“ಪಾಲುದಾರನ ವಿಷಯಾನೂ ಜಯಶೀಲಾ ಮೊದಲೇ ಹೇಳಿದ್ಳು. ಎಸ್ಸೆಸ್ಸೆಲ್ಸಿ ಬಿಡಿ, ನಾನು ಪುಸ್ತಕಾನೇ ತೆಗೀತಿರ್ಲಿಲ್ಲ.” ಅವರು ದಾರಿಯ ಕಲ್ಲೊಂದನ್ನು ಕಾಲಿನಿಂದ ಬದಿಗೆ ಸರಿಸಿದರು. “ರಾತ್ರಿ ಮಲಗಿ ಒಂದೊಂದೇ ನೋಡ್ಕೊಂಡು ಬಂದ್ರೆ ಸಾರ್, ಎಲ್ಲಾ ಕಡೆ ನಾನೇ ಇದ್ದೀನಿ.”

ರಾಯರಿಗೆ ಆ ನಗುವಿನ ಹಿಂದೆ ನೋವು ಎಂಬುದು ಇರಲೇ ಇಲ್ಲ ಎಂದು ಈಗ ಅರ್ಥವಾಯಿತು. ಅಲ್ಲಿದ್ದದ್ದು ಒಂದು ಕೆಟ್ಟ ವರ್ಷ ಮಾತ್ರ. ಗೋಡೆಯ ಹಾಗೆ ಭದ್ರವಾಗಿ ಬೆನ್ನಿಗೆ ನಿಂತಿತ್ತು, ಈ ಮನುಷ್ಯ ಅದಕ್ಕೊರಗಿಕೊಂಡು ಅರವತ್ತು ವರ್ಷ ಸುಖವಾಗಿ ಕೂತಿದ್ದರು. ತಾವು ಮತ್ತು ಆ ಹುಡುಗಿ ಸೇರಿ, ಒಳ್ಳೆಯದು ಮಾಡುತ್ತೇವೆಂದು, ಆ ಗೋಡೆಯನ್ನು ಕೆಡವಿದ್ದರು. ರಾಯರು ಸೋಮನಾಥರ ಕೈ ಹಿಡಿದು ನಿಲ್ಲಿಸಿದರು.

“ಸೋಮನಾಥ್, ನಾನು ನಿನ್ನೆ ಸುಳ್ಳು ಹೇಳಿದೆ. ಆ ವರ್ಷ ಒಳ್ಳೆ ವರ್ಷ ಅಲ್ಲ. ಶತಮಾನಕ್ಕೇ ಕೆಟ್ಟ ವರ್ಷ. ಹೂ ಬಿಡುವಾಗ ಮಳೆ, ಕಾಯಿ ಆಗುವಾಗ ಮಳೆ, ಕೊಯ್ಯುವಾಗ ಮಳೆ. ಬರೀ ಮಳೆ. ಹಣ್ಣು ಮಾಗ್ಲೇ ಇಲ್ಲ, ಕೊಳೆತುಹೋಯ್ತು. ನಿಮ್ಮ ಬಾಟಲಿ ಹಾಗಿದ್ದದ್ದು ಅದಕ್ಕೇ. ನಾನು ಹೇಳಿದ್ದು ಬೇರೆ ವರ್ಷದ ಕಥೆ.”

ಸೋಮನಾಥ್ ಅವರನ್ನು ಬಹಳ ಪ್ರೀತಿಯಿಂದ ನೋಡಿದರು.

“ಬಿಡಿ ಸಾರ್. ಸಮಾಧಾನ ಮಾಡೋಕೆ ನಿಮಗೆ ಬರಲ್ಲ. ಮಂತ್ರಿಗೇ ಸುಳ್ಳು ಬರೆದುಕೊಡದ ಮನುಷ್ಯ ಅಷ್ಟು ಜನರ ಮುಂದೆ ನಿಂತು ನನಗೆ ಸುಳ್ಳು ಹೇಳ್ತೀರಾ?”

“ದೇವರಾಣೆ ಹೇಳಿದೆ! ಲೆಕ್ಕ ಇದೆ, ಮನೆಗೆ ಬನ್ನಿ ತೋರಿಸ್ತೀನಿ.”

“ಅವ್ವನೂ ಹಿಂಗೇ ಮಾಡ್ತಿದ್ಳು ಸಾರ್.” ಸೋಮನಾಥ್ ಮತ್ತೆ ನಡೆಯತೊಡಗಿದರು. “ಮೊದಲನೇ ಸಲ ಫೇಲಾದಾಗ ಅಪ್ಪ ಹಗ್ಗ ತಗೊಂಡು ಬಂದ್ರು. ಅವ್ವ ಅಡ್ಡ ನಿಂತ್ಳು. ಮಗಾ ಏನು ಮಾಡ್ತದೆ, ಅದು ಹುಟ್ಟಿದ ವರ್ಷ ಒಂದು ಹನಿ ಮಳೆ ಬರ್ಲಿಲ್ಲ, ಅಂತ ಕೂಗಿದ್ಳು. ಅವತ್ತಿಂದ ಸಾಯೋವರೆಗೂ ಊರಿಗೆಲ್ಲ ಅದನ್ನೇ ಹೇಳ್ಕೊಂಡು ಬಂದ್ಳು. ಇಷ್ಟು ದಿನ ನಾನು ಅದನ್ನ ನಿಜ ಅಂತಾನೇ ನಂಬಿದ್ದೆ. ಪಾಪ, ನನ್ನ ಮಾನ ಮುಚ್ಚೋಕೆ ಅವಳು ಎಷ್ಟು ಸುಳ್ಳು ಹೇಳಬೇಕಾಯ್ತೋ.”

“ಇಲ್ಲ, ಇಲ್ಲ! ನಿಮ್ಮ ತಾಯಿ ಹೇಳಿದ್ದು ಸತ್ಯ!” ರಾಯರ ಧ್ವನಿ ಎಷ್ಟು ಏರಿತೆಂದರೆ ಬೆಂಚಿನ ಮೇಲೆ ಪ್ರಾಣಾಯಾಮ ಮಾಡುತ್ತಿದ್ದವರು ಕಣ್ಣು ಬಿಟ್ಟರು. “ಆ ವರ್ಷ ಮಳೆ ಬರ್ಲೇ ಇಲ್ಲ ಸೋಮನಾಥ್. ದೇಶಕ್ಕೇ ಬರ್ಲಿಲ್ಲ. ಎಲ್ಲಾ ಕಡೆ ಒಣಗಿಹೋಯ್ತು. ನನ್ನ ಮಾತು ನಂಬಿ!”

ಸೋಮನಾಥ್ ನಿಂತು ತಿರುಗಿದರು. ಮುಖದಲ್ಲಿ ಹಳೆಯ ನಗುವಿನ ಒಂದು ಚೂರು ಬಂದು ಹೋಯಿತು.

“ಈಗ ತಾನೇ ಬರೀ ಮಳೆ ಅಂದ್ರಲ್ಲ ಸಾರ್” ಎಂದರು. ರಾಯರ ಭುಜವನ್ನು ಮೆಲ್ಲಗೆ ತಟ್ಟಿ, ಅಂಗಡಿ ತೆಗೆಯುವ ಹೊತ್ತಾಯಿತೆಂದು ಗೇಟಿನ ಕಡೆ ಹೊರಟರು.

ಅದು ಅಲ್ಲಿನ ಮಳೆ, ಇದು ಇಲ್ಲಿನ ಮಳೆ ಎಂದು ರಾಯರು ಹಿಂದಿನಿಂದ ಕೂಗಿದರು. ಸೋಮನಾಥ್ ತಿರುಗದೆಯೇ, ಗೊತ್ತಾಯಿತು ಎನ್ನುವಂತೆ ಕೈಯೆತ್ತಿ ಆಡಿಸಿದರು. ಜೀವಮಾನದಲ್ಲಿ ಮೊದಲ ಸಲ ಎರಡು ದೇಶದ ಮಳೆಯನ್ನು ಒಂದು ಹನಿಯೂ ತಪ್ಪದೆ ಹೇಳಿದ ರಾಯರು, ನಂಬುವವರೊಬ್ಬರೂ ಇಲ್ಲದೆ ಪಾರ್ಕಿನ ನಡುವೆ ನಿಂತಿದ್ದರು.